ದಿನಾಂಕ, ಓದುಗ, ಪಠ್ಯ: ಕನ್ನಡ ಬ್ಲಾಗ್ ಬರಹದ ಅಧ್ಯಯನಕ್ಕೊಂದು ಪ್ರವೇಶ

1. ಪ್ರಸ್ತಾವನೆ

ಹಾ.ಮಾ. ನಾಯಕರ ಅಂಕಣ ಬರಹಗಳ ಸಂಕಲನ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪತ್ರಿಕೆಯ ಗಡುವಿಗೆ ಒಪ್ಪಿಸಿದ ಬರಹವೂ ಸಾಹಿತ್ಯವಾಗಿ ನಿಲ್ಲಬಲ್ಲುದು ಎಂಬುದಕ್ಕೆ ಆ ಮನ್ನಣೆ ಸಾಕ್ಷಿ. ಈ ಶತಮಾನದ ಆರಂಭದಿಂದ ಬ್ಲಾಗುಗಳಲ್ಲಿ ಬೆಳೆದ ಕನ್ನಡ ಗದ್ಯವನ್ನು ನಾವು ಅಷ್ಟೇ ಗಂಭೀರವಾಗಿ ಓದಬೇಕಾಗಿದೆ. ಬ್ಲಾಗನ್ನು ಲಲಿತ ಪ್ರಬಂಧದ ಅಥವಾ ಅಂಕಣದ ಮುಂದುವರಿಕೆ ಎಂದಷ್ಟೇ ಕಂಡರೆ ಅದರ ವಿಶಿಷ್ಟ ಲಕ್ಷಣ ಕೈತಪ್ಪುತ್ತದೆ. ಬ್ಲಾಗಿನಲ್ಲಿ ಲೇಖನ, ಅದರ ದಿನಾಂಕ ಮತ್ತು ಓದುಗರ ಪ್ರತಿಕ್ರಿಯೆ ಮೂರೂ ಸೇರಿ ಒಂದು ಪಠ್ಯವಾಗುತ್ತವೆ ಎಂಬುದು ಈ ಲೇಖನದ ವಾದ. ಅಧ್ಯಯನ, ಸಂಪಾದನೆ, ಸಂರಕ್ಷಣೆಗಳೆಲ್ಲ ಈ ನೆಲೆಯಿಂದಲೇ ಹೊರಡಬೇಕು.

2. ಅಕ್ಷರದ ಹಿನ್ನೆಲೆ

ಬ್ಲಾಗರ್ ಸೇವೆ ಶುರುವಾದದ್ದು 1999ರ ಆಗಸ್ಟ್‌ನಲ್ಲಿ. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. ವರ್ಡ್‌ಪ್ರೆಸ್ ಬಂದದ್ದೂ ಅದೇ ವರ್ಷ. ಇವು ಕನ್ನಡಕ್ಕೆ ಒದಗುವ ಮುನ್ನ ಅಕ್ಷರದ ತೊಡಕು ಬಿಡಿಸಿಕೊಳ್ಳಬೇಕಿತ್ತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ‘ನುಡಿ’ಯಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಒಂದು ‘ಪಿ’, ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ‘ನ’ ಒತ್ತಿನ ಜಾಗದಲ್ಲಿ ಜರ್ಮನ್ ವರ್ಣಮಾಲೆಯ ಒಂದು ಅಕ್ಷರ, ಕೊನೆಗೆ ‘ಕ್ಯೂ’ ಮತ್ತು ಇನ್ನೊಂದು ‘ಎ’ ಕಾಣುತ್ತಿದ್ದವು. ಓದಲು ಬಾರದು ಎಂಬುದು ಒಂದು ತೊಂದರೆ. ಇಂಥ ಬರಹವನ್ನು ಹುಡುಕುತಾಣ ಕನ್ನಡವೆಂದು ಗುರುತಿಸಲಾರದು ಎಂಬುದು ಇನ್ನೂ ದೊಡ್ಡ ತೊಂದರೆ.

ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿತ್ತು. ಆದರೆ ಅದು ಸಾಮಾನ್ಯ ಬಳಕೆದಾರರ ಮೇಜಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟಿನೊಂದಿಗೆ. ಆಗಲೂ ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದರೆ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬಳಕೆದಾರರೇ ಪ್ರತ್ಯೇಕವಾಗಿ ಚಾಲೂ ಮಾಡಿಕೊಳ್ಳಬೇಕಿತ್ತು. ಯೂನಿಕೋಡ್ ರೂಢಿಗೆ ಬಂದ ಮೇಲೆ ಶಿರಸಿಯಲ್ಲಿ ಕೂತು ಬರೆದದ್ದು ಶಿಕಾಗೋದ ಓದುಗರಿಗೆ ಹುಡುಕಿದೊಡನೆ ಸಿಗುವಂತಾಯಿತು. ಕನ್ನಡ ಬ್ಲಾಗಿನ ಓದುಗವಲಯ ಹುಟ್ಟಿದ್ದು ಈ ಬದಲಾವಣೆಯಿಂದ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ ಸಮುದಾಯ ತಾಣ, ಜಿ.ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದ್ ಅವರ ‘ಮೈಸೂರು ಪೋಸ್ಟ್’ ಈ ನೆಲದಲ್ಲಿ ಬೇರುಬಿಟ್ಟವು.

3. ಗದ್ಯದಲ್ಲಾದ ಬದಲಾವಣೆ

ಪತ್ರಿಕೆಯ ಅಂಕಣಕ್ಕೆ ಪದಮಿತಿಯಿದೆ, ಗಡುವಿದೆ, ಸಂಪಾದಕರ ಕಣ್ಣಿದೆ. ಈ ಮೂರೂ ಸಡಿಲಗೊಂಡಾಗ ಬರಹದ ನಡೆಯೇ ಬದಲಾಗುತ್ತದೆ. ತಾವು ನಡೆಸುತ್ತಿದ್ದ ಮಂಗಳೂರಿನ ಪುಸ್ತಕದಂಗಡಿ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಹಾಕಿದ ಮೇಲೂ ಜಿ.ಎನ್. ಅಶೋಕವರ್ಧನರು ತಮ್ಮ ತಾಣದಲ್ಲಿ ಚಾರಣ, ಪ್ರವಾಸ, ಯಕ್ಷಗಾನ, ಪುಸ್ತಕೋದ್ಯಮಗಳ ಬಗ್ಗೆ ದೀರ್ಘವಾಗಿ ಬರೆಯುತ್ತ ಬಂದರು. ಬೆಟ್ಟದ ದಾರಿಯ ಪ್ರತಿ ತಿರುವನ್ನೂ ದಾಖಲಿಸುವ ಇಂಥ ಸಾವಧಾನದ ಬರಹವನ್ನು ಪತ್ರಿಕೆಯ ಪುಟ ತಾಳಿಕೊಳ್ಳುವುದು ಕಷ್ಟ. ಸಂಪಾದಕರಿಲ್ಲದ್ದರಿಂದ ನಷ್ಟವೂ ಇದೆ. ತಿದ್ದುವವರಿಲ್ಲದ ಬರಹದಲ್ಲಿ ಕಾಗುಣಿತದ ದೋಷ, ಪುನರುಕ್ತಿ, ಆಧಾರವಿಲ್ಲದ ಮಾತು ಸುಲಭವಾಗಿ ನುಸುಳುತ್ತವೆ. ಆ ಕೆಲಸದ ಒಂದಂಶವನ್ನು ಓದುಗರು ವಹಿಸಿಕೊಂಡರೆಂಬುದೇ ಬ್ಲಾಗಿನ ವಿಶೇಷ.

ಕಾಸರಗೋಡು, ದಕ್ಷಿಣ ಕನ್ನಡದ ಹವ್ಯಕ ನುಡಿಯಲ್ಲಿ ನಡೆದುಬಂದ ‘ಒಪ್ಪಣ್ಣ’ ತಾಣ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಬರೆಯುವವರ ಮತ್ತು ಪ್ರತಿಕ್ರಿಯಿಸುವವರ ಹೆಸರುಗಳಲ್ಲೇ ಭಾವ, ಮಾವ, ಅಕ್ಕ, ಅಪ್ಪಚ್ಚಿ ಎಂಬ ನಂಟಿನ ಪದಗಳು ಸೇರಿಕೊಂಡಿವೆ. ಇಡೀ ಬಳಗವನ್ನು ‘ನೆರೆಕರೆ’ ಎಂದು ಕರೆದುಕೊಳ್ಳುತ್ತಾರೆ. ಹೀಗಾಗಿ ಓದುಗ ಅಪರಿಚಿತನಾಗಿ ಉಳಿಯುವುದಿಲ್ಲ. ಇಂಥ ವಲಯದಲ್ಲಿ ಒಂದು ಅಡುಗೆಯ ಹೆಸರನ್ನೋ ಕೃಷಿಯ ಸಲಕರಣೆಯನ್ನೋ ಪ್ರಸ್ತಾಪಿಸಿದರೆ, ‘ನಮ್ಮ ಕಡೆ ಹೀಗೆ ಹೇಳುವುದಿಲ್ಲ’ ಎಂಬ ತಿದ್ದುಪಡಿ ಲೇಖನದ ಕೆಳಗೇ ಬಂದು ಕೂರುತ್ತದೆ. ಉಪಭಾಷಾ ವಿಜ್ಞಾನಿ ಕ್ಷೇತ್ರಕಾರ್ಯದಲ್ಲಿ ಪ್ರಶ್ನೆ ಹಾಕಿ ಪಡೆಯುವ ಪಾಠಾಂತರ ಇಲ್ಲಿ ಕೇಳದೆಯೇ ಒದಗುತ್ತದೆ. ಕಥೆ, ಕಾದಂಬರಿಗಳ ಸಂಭಾಷಣೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಮನೆಮಾತು ಇಲ್ಲಿ ವಾದ, ವಿವರಣೆ, ಶ್ರದ್ಧಾಂಜಲಿಗಳಿಗೂ ಗದ್ಯವಾಯಿತು. ಭಾಷೆಯ ಚರಿತ್ರೆಯಲ್ಲಿ ಇದು ದೊಡ್ಡ ಸಂಗತಿ.

4. ಪುಸ್ತಕವಾದಾಗ ಕಳೆಯುವುದೇನು?

ಬ್ಲಾಗ್ ಬರಹಗಳು ಪುಸ್ತಕವಾಗುವಾಗ ಲೇಖನಗಳನ್ನು ವಿಷಯವಾರು ಜೋಡಿಸುವುದು, ದಿನಾಂಕ ತೆಗೆಯುವುದು, ಪ್ರತಿಕ್ರಿಯೆಗಳನ್ನು ಕೈಬಿಡುವುದು ಸಹಜವಾಗಿ ತೋರುತ್ತದೆ. ಓದಿಗೆ ಅನುಕೂಲವಾದರೂ ಇದರಿಂದ ಪಠ್ಯದ ಸ್ವರೂಪವೇ ಬೇರೆಯಾಗುತ್ತದೆ. ದಿನಾಂಕ ಹೋದರೆ ಬರಹ ಯಾವ ಘಟನೆಗೆ ಉತ್ತರವಾಗಿತ್ತೆಂಬುದು ಮಸುಕಾಗುತ್ತದೆ. ಓದುಗರ ತಿದ್ದುಪಡಿ ಹೋದರೆ, ಲೇಖಕ ಮುಂದಿನ ಕಂತಿನಲ್ಲಿ ನಿಲುವು ಬದಲಿಸಿದ್ದರ ಕಾರಣ ತಿಳಿಯದು. ಹಸ್ತಪ್ರತಿ ಸಂಪಾದಕರು ಅಂಚಿನ ಟಿಪ್ಪಣಿಗಳನ್ನೂ ಲಿಪಿಕಾರರ ಮಾತುಗಳನ್ನೂ ಎಷ್ಟು ಜತನದಿಂದ ನಮೂದಿಸುತ್ತಾರೋ ಅಷ್ಟೇ ಜತನ ಇಲ್ಲಿಯೂ ಬೇಕು.

ಚರ್ಚೆ ಫೇಸ್‌ಬುಕ್‌ಗೆ ಸರಿದ ಮೇಲೆ ಈ ಒಗ್ಗಟ್ಟು ಒಡೆಯಿತು. ಲೇಖನ ಬ್ಲಾಗಿನಲ್ಲಿ, ಅದರ ಮೇಲಿನ ಮಾತುಕತೆ ಇನ್ನೆಲ್ಲೋ. ಬಗೆಬಗೆಯ ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತದ್ದು ನಿಯತ ಓದಿನ ಅಭ್ಯಾಸಕ್ಕೂ ಪೆಟ್ಟು ಕೊಟ್ಟಿತು.

5. ಸಂರಕ್ಷಣೆಯ ಹೊಣೆ

ಪುಸ್ತಕಗಳ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ 1954ರ ಕೇಂದ್ರ ಕಾಯ್ದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಯಿತು. ಅಚ್ಚನ್ನು ಕಣ್ಣಮುಂದಿಟ್ಟುಕೊಂಡ ಆ ಕಾಯ್ದೆಯ ಆಸರೆ ಬ್ಲಾಗುಗಳಿಗಿಲ್ಲ. ಬ್ರಿಟನ್ 2013ರ ಏಪ್ರಿಲ್‌ನಿಂದ ತನ್ನ ಜಾಲತಾಣಗಳನ್ನೂ ಇಂಥ ಒಪ್ಪಿಸುವಿಕೆಯ ವ್ಯಾಪ್ತಿಗೆ ತಂದಿದೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ 1996ರಿಂದ ಜಾಲಪುಟಗಳನ್ನು ಸಂಗ್ರಹಿಸುತ್ತಿದ್ದರೂ ಅದರ ಯಂತ್ರ ಎಲ್ಲ ಪುಟಗಳನ್ನೂ, ಎಲ್ಲ ಹಂತಗಳಲ್ಲೂ ಹಿಡಿದಿಡುವುದಿಲ್ಲ. ಸ್ವಂತ ವಿಳಾಸದ ತಾಣವಾದರೆ ವಾರ್ಷಿಕ ಶುಲ್ಕ ಕಟ್ಟುವವರಿಲ್ಲದ ದಿನ ಇಡೀ ಬರಹ ಕಣ್ಮರೆಯಾಗಬಹುದು. ಬರೆದವರು ತೀರಿಕೊಂಡಾಗ ಆಗುವುದೂ ಇದೇ.

ಕಾನೂನು ಬರಲೆಂದು ಕಾಯುವ ಅಗತ್ಯವಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ವಿಭಾಗಗಳು ತಂತಮ್ಮ ಪ್ರದೇಶದ ಬ್ಲಾಗುಗಳ ಪಟ್ಟಿ ಮಾಡಿ, ಲೇಖಕರ ಅನುಮತಿ ಪಡೆದು, ಲೇಖನ, ದಿನಾಂಕ, ಪ್ರತಿಕ್ರಿಯೆಗಳನ್ನು ಒಟ್ಟಿಗೇ ಸಂಗ್ರಹಿಸಬಹುದು. ಪ್ರತಿಕ್ರಿಯಿಸಿದವರು ಬಯಸಿದರೆ ಅವರ ಹೆಸರನ್ನು ಮರೆಮಾಡಬೇಕು. ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡ ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಮೂಲ ಕಡತವನ್ನೂ ಉಳಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದೊಂದು ಬ್ಲಾಗಿನ ಸಂಪಾದನೆಯನ್ನೇ ಕಿರುಪ್ರಬಂಧವಾಗಿ ಕೊಟ್ಟರೆ ಗ್ರಂಥಸಂಪಾದನೆಯ ಪಾಠವೂ ಆದೀತು, ದಾಖಲೆಯೂ ಉಳಿದೀತು. ಬರೆದವರೂ ಪ್ರತಿಕ್ರಿಯಿಸಿದವರೂ ಬಹುಪಾಲು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕೇಳಿ ತಿಳಿಯಬಹುದಾದ ಈ ಹೊತ್ತಿನಲ್ಲೇ ಕೆಲಸ ಆರಂಭವಾಗಬೇಕು.