ಲಾ ಪಾಜ್‌ನಲ್ಲಿ ಗೆದ್ದವರು ಯಾರು?

1993ರ ಜುಲೈ 25. ಬೊಲಿವಿಯಾದ ಲಾ ಪಾಜ್ ನಗರದಲ್ಲಿ ಬ್ರೆಜಿಲ್ ತಂಡ ಫುಟ್‌ಬಾಲ್ ಆಡುತ್ತಿತ್ತು. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅದುವರೆಗೆ ಒಮ್ಮೆಯೂ ಸೋಲದ ತಂಡವದು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೊಲಿವಿಯಾ ಎರಡು ಗೋಲು ಹೊಡೆದು ಗೆದ್ದಿತು. ಮರುತಿಂಗಳು ಕಡಲತೀರದ ರೆಸಿಫೆಯಲ್ಲಿ ಅದೇ ಬೊಲಿವಿಯಾವನ್ನು ಬ್ರೆಜಿಲ್ 6-0ರಿಂದ ಸೋಲಿಸಿತು. ಹಾಗಾದರೆ ಲಾ ಪಾಜ್‌ನಲ್ಲಿ ಗೆದ್ದದ್ದು ಆಟಗಾರರೇ, ಆ ಊರಿನ ಗಾಳಿಯೇ?

ಮೊದಲು ವಿಜ್ಞಾನ ಏನು ಹೇಳುತ್ತದೆ, ನೋಡೋಣ. ಅಲ್ಲಿನ ಕ್ರೀಡಾಂಗಣ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇಕಡಾ 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಹೀಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆ. ಎತ್ತರದಲ್ಲಿ ಕಾಡುವ ತೊಂದರೆಗೆ ಇದೇ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ವಿವರಿಸಿದ್ದರು. ಒಮ್ಮೆ ರಭಸದಿಂದ ಓಡಿದ ಆಟಗಾರ ಅಲ್ಲಿ ಬೇಗ ಸುಧಾರಿಸಿಕೊಳ್ಳಲಾರ. ವಿರಳವಾದ ಗಾಳಿಯಲ್ಲಿ ಚೆಂಡು ಹೆಚ್ಚು ವೇಗವಾಗಿ ಸಾಗುತ್ತದೆ, ಬಾಗುವುದು ಕಡಿಮೆ. ಗೋಲ್‌ಕೀಪರನ ಅಂದಾಜು ತಪ್ಪುತ್ತದೆ. ಕೆಲವು ವಾರ ಅಲ್ಲೇ ಉಳಿದರೆ ದೇಹದಲ್ಲಿ ಕೆಂಪು ರಕ್ತಕಣಗಳು ಹೆಚ್ಚಿ ಹೊಂದಿಕೊಳ್ಳಬಹುದು. ಹೊರಗಿನ ತಂಡಕ್ಕೆ ಅಷ್ಟು ಬಿಡುವೆಲ್ಲಿ?

ಈ ಕಾರಣಕ್ಕೇ 2007ರ ಮೇ ತಿಂಗಳಲ್ಲಿ ಫಿಫಾ ಸಂಸ್ಥೆ 2,500 ಮೀಟರ್‌ಗಿಂತ ಎತ್ತರದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಿಷೇಧಿಸಿತು. ಬೊಲಿವಿಯನ್ನರಿಗೆ ಇದು ತಮ್ಮ ಮನೆಯಂಗಳದಲ್ಲೇ ಆಡಬೇಡಿ ಎಂದಂತಾಯಿತು. ಅಂದಿನ ಅಧ್ಯಕ್ಷ ಎವೊ ಮೊರಾಲೆಸ್ ಸಜಾಮಾ ಪರ್ವತದ ಮೇಲೆ, ಸುಮಾರು 6,000 ಮೀಟರ್ ಎತ್ತರದಲ್ಲಿ, ತಾವೇ ಫುಟ್‌ಬಾಲ್ ಆಡಿ ಪ್ರತಿಭಟಿಸಿದರು. 2008ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಮರಡೋನಾ ಲಾ ಪಾಜ್‌ಗೆ ಬಂದು ಆಡಿ, ಬೊಲಿವಿಯಾದ ಬೆಂಬಲಕ್ಕೆ ನಿಂತರು. ಅದೇ ಮೇ ತಿಂಗಳಲ್ಲಿ ಫಿಫಾ ನಿಷೇಧವನ್ನು ಹಿಂತೆಗೆದುಕೊಂಡಿತು. ವಿಚಿತ್ರವೆಂದರೆ, 2009ರ ಏಪ್ರಿಲ್ 1ರಂದು ಮರಡೋನಾ ಅವರೇ ತರಬೇತುದಾರರಾಗಿದ್ದ ಅರ್ಜೆಂಟೀನಾ ಅದೇ ಅಂಗಳದಲ್ಲಿ 1-6ರಿಂದ ಸೋತಿತು!

ಗಾಳಿಯೊಂದೇ ಗೆಲ್ಲಿಸುವುದಾದರೆ ಬೊಲಿವಿಯಾ ಅಲ್ಲಿ ಸೋಲಲೇಬಾರದಿತ್ತು. ಆದರೆ 2020ರಲ್ಲಿ ಅರ್ಜೆಂಟೀನಾ 2-1ರಿಂದ, 2022ರಲ್ಲಿ ಬ್ರೆಜಿಲ್ 4-0ಯಿಂದ ಲಾ ಪಾಜ್‌ನಲ್ಲೇ ಗೆದ್ದವು. ಎತ್ತರ ಆತಿಥೇಯರಿಗೆ ಅನುಕೂಲ ನಿಜ. ಗೋಲು ಹೊಡೆಯುವುದು ಮಾತ್ರ ಆಟಗಾರನ ಕಾಲೇ.

ಈಗ ನೀವೇ ಯೋಚಿಸಿ. ಬೆಟ್ಟದವರು ಕಡಲತೀರದ ಸೆಕೆಯಲ್ಲಿ ಆಡಬಹುದಾದರೆ, ಕಡಲತೀರದವರು ಬೆಟ್ಟ ಹತ್ತಬಾರದೇ? ಜನ ಹುಟ್ಟಿ ಬೆಳೆದು ಬದುಕುವ ನೆಲವನ್ನು ಆಟಕ್ಕೆ ತಕ್ಕುದಲ್ಲವೆಂದು ತೀರ್ಮಾನಿಸಬೇಕಾದವರು ಯಾರು? ತರಗತಿಯಲ್ಲಿ ಗೆಳೆಯರೊಡನೆ ಚರ್ಚಿಸಿ ನೋಡಿ.