ಮಾರ್ಕ್ಸ್ ಕಾರ್ಡ್ ಇಲ್ಲದವರಿಗೆ ಶ್ಯೂರಿಟಿ ಹಾಕಿದ್ದು ಯಾರು?

ತುಮಕೂರಿಂದ ಮಾತಾಡ್ತಿದ್ದೀನಿ. ಕುಣಿಗಲ್ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ‘ಅಕ್ಕ, ನಂದು ಎಸ್ಸೆಸ್ಸೆಲ್ಸಿ ಆಗಿಲ್ಲ. ಹೊರದೇಶಕ್ಕೆ ಹೋಗಿ ಓದೋಕೆ ಆಗುತ್ತಾ? ಹಂಗೆ ಹೋದವರು ಯಾರಾದ್ರೂ ಇದ್ದಾರಾ?’ ಇದರಲ್ಲಿ ಎರಡು ಪ್ರಶ್ನೆ ಇದೆ. ಎರಡನೇದು ಇತಿಹಾಸದ್ದು, ಅದಕ್ಕೆ ಮೊದಲು ಉತ್ತರ ಕೊಡ್ತೀನಿ. ಇದ್ದಾರೆ.

ನಮ್ಮ ಗುಬ್ಬಿಯಿಂದಲೇ ಶುರು ಮಾಡೋಣ. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್‌ನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ನಿಂತರು. 1839ರಲ್ಲಿ ವಿಲಿಯಂ ಆರ್ಥರ್ ಬಂದರು. ಅವರು 1847ರಲ್ಲಿ ಪ್ರಕಟಿಸಿದ ‘ಎ ಮಿಷನ್ ಟು ದ ಮೈಸೂರ್’ ಪುಸ್ತಕದಲ್ಲಿ ನಮ್ಮ ಗುಬ್ಬಿ ಇದೆ. ಆಗ ಊರೂರಲ್ಲಿ ಕೂಲಿಮಠಗಳಿದ್ದವು, ಅಲ್ಲಲ್ಲಿ ಮಿಷನ್ ಶಾಲೆಗಳು ಬರ್ತಿದ್ದವು. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ ಕಲೀತಿದ್ರು. ಆದರೆ ಈಗಿನ ಹಾಗೆ ಎಲ್ಲ ಊರಲ್ಲೂ ಬೆಲೆ ಬಾಳೋ ಒಂದು ಸರ್ಟಿಫಿಕೇಟ್ ಅಂತ ಇರಲಿಲ್ಲ. ಹಾಗಾದ್ರೆ ಆ ಕಾಲದ ಹುಡುಗ ದೂರ ದೇಶಕ್ಕೆ ಓದೋಕೆ ಹೋಗಬೇಕಂದ್ರೆ ಏನು ತೋರಿಸ್ತಿದ್ದ?

ಇದಕ್ಕೆ ಉತ್ತರ ಹುಡುಕಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅಲ್ಲಿಗೆ ಬಂದಿದ್ದು 1834ರಲ್ಲಿ. ಎರಡು ವರ್ಷದ ನಂತರ ಹರ್ಮನ್ ಮೋಗ್ಲಿಂಗ್ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದವರು ಇವರೇ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಓದ್ತಿದ್ದ. 1825ರಲ್ಲಿ ಹುಟ್ಟಿದ ಹುಡುಗ. 1844ರ ಜನವರಿಯಲ್ಲಿ ಅವನು ಕ್ರೈಸ್ತನಾದ. ಊರಲ್ಲಿ ದೊಡ್ಡ ಗಲಾಟೆ ಆಯ್ತು. ಮನೆ, ಜಾತಿ ಎರಡೂ ಕೈತಪ್ಪಿದವು. ಗುರುವಿನ ‘ಹರ್ಮನ್’ ಅನ್ನೋ ಹೆಸರು ಅವನ ಹೆಸರಿನ ಮುಂದೆ ಸೇರಿಕೊಳ್ತು.

1846ರಲ್ಲಿ ಆನಂದರಾವ್ ಬಾಸೆಲ್‌ಗೆ ಹೋಗಿ ಮಿಷನ್ನಿನ ಸೆಮಿನರಿ ಸೇರಿದರು. ಸೂಯೆಜ್ ಕಾಲುವೆ ತೆರೆದಿದ್ದು 1869ರಲ್ಲಿ; ಇದು ಅದಕ್ಕೂ ಇಪ್ಪತ್ತಮೂರು ವರ್ಷ ಮೊದಲಿನ ಮಾತು. ಜರ್ಮನ್ ಮಾತಾಡುವ ಊರಲ್ಲಿ ಐದು ವರ್ಷ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮಂಗಳೂರಿಗೆ ವಾಪಸ್ ಬಂದರು. 1893ರಲ್ಲಿ ತೀರಿಕೊಳ್ಳುವವರೆಗೂ ಮಿಷನ್ ಕೆಲಸವೇ ಅವರ ಬದುಕಾಯ್ತು.

ಅವರ ಹತ್ತಿರ ಮೆಟ್ರಿಕ್ ಸರ್ಟಿಫಿಕೇಟ್ ಇತ್ತಾ? ಇರೋಕೆ ಸಾಧ್ಯನೇ ಇರಲಿಲ್ಲ. ಮೆಟ್ರಿಕ್ ಪರೀಕ್ಷೆ ನಡೆಸಿದ ಮದ್ರಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದೇ 1857ರಲ್ಲಿ.

ನಾನು ಬಿ.ಕಾಂ ಓದಿದವಳು, ಹಾಗಾಗಿ ಇದನ್ನ ಸಾಲದ ಲೆಕ್ಕದಲ್ಲಿ ನೋಡ್ತೀನಿ. ಬ್ಯಾಂಕಿಗೆ ನಿಮ್ಮ ಪರಿಚಯ ಇಲ್ಲದಿದ್ರೆ ಶ್ಯೂರಿಟಿ ಕೇಳುತ್ತೆ. ಕೌಂಡಿನ್ಯರಿಗೆ ಶ್ಯೂರಿಟಿ ಹಾಕಿದ್ದು ಮೋಗ್ಲಿಂಗ್ ಮತ್ತು ಮಿಷನ್. ಶ್ಯೂರಿಟಿ ಅಂದಮೇಲೆ ಷರತ್ತೂ ಇರುತ್ತಲ್ಲ. ಎಲ್ಲಿ ಓದಬೇಕು, ಏನು ಓದಬೇಕು, ಬಂದಮೇಲೆ ಯಾವ ಕೆಲಸ, ಇದೆಲ್ಲ ಮಿಷನ್ನಿನ ದಾರಿಯಲ್ಲೇ ಆಗಬೇಕಿತ್ತು. ಅವರು ಒಪ್ಪಿಯೇ ಹೋದವರು, ನಿಜ. ಆದರೆ ಒಪ್ಪದೇ ಇದ್ದಿದ್ರೆ ಬಾಸೆಲ್ ಬಾಗಿಲು ತೆರೀತಿರಲಿಲ್ಲ.

ಇನ್ನೊಂದು ಉದಾಹರಣೆ ನಿಮಗೆಲ್ಲ ಗೊತ್ತಿರೋದೇ. ಕುಂಭಕೋಣಂನ ಶ್ರೀನಿವಾಸ ರಾಮಾನುಜನ್. ಅವರಿಗೆ ಹೈಸ್ಕೂಲ್ ಆಗಿತ್ತು. ಆದರೆ ಈಗಿನ ಪಿಯುಸಿಗೆ ಸಮ ಅನ್ನಬಹುದಾದ ಎಫ್‌ಎ ಪಾಸಾಗಲಿಲ್ಲ. ಗಣಿತ ಬಿಟ್ಟು ಬೇರೆ ವಿಷಯಕ್ಕೆ ತಲೆ ಕೊಡಲಿಲ್ಲ. ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ. 1913ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಹಾರ್ಡಿಗೆ ಕಾಗದ ಬರೆದರು, 1914ರ ಮಾರ್ಚ್‌ನಲ್ಲಿ ಹಡಗು ಹತ್ತಿದರು. 1916ರಲ್ಲಿ ಸಂಶೋಧನೆಯ ಆಧಾರದ ಮೇಲೆ ಕೇಂಬ್ರಿಡ್ಜ್ ಅವರಿಗೆ ಬಿ.ಎ. ಕೊಡ್ತು. ಇಲ್ಲಿ ಪರೀಕ್ಷೆ ಸೋತಿತ್ತು, ಒಬ್ಬ ಮನುಷ್ಯನ ಕಣ್ಣು ಗೆದ್ದಿತ್ತು. ಆದರೆ ಯೋಚನೆ ಮಾಡಿ. ಹಾರ್ಡಿಗಿಂತ ಮೊದಲು ರಾಮಾನುಜನ್ ಇನ್ನಿಬ್ಬರು ಇಂಗ್ಲಿಷ್ ಗಣಿತಜ್ಞರಿಗೂ ಬರೆದಿದ್ರು. ಅಲ್ಲಿಂದ ಏನೂ ಆಗಲಿಲ್ಲ. ಹಾರ್ಡಿನೂ ಆ ಕಾಗದ ಪಕ್ಕಕ್ಕೆ ಇಟ್ಟಿದ್ದಿದ್ರೆ?

ಈಗ ಮತ್ತೆ ಗುಬ್ಬಿಗೆ ಬರೋಣ, ಈ ಸಲ ಗುಬ್ಬಿ ಕಂಪನಿಗೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರ್ಕೊಂಡ. ಹೆಸರು ಬಿ.ವಿ. ಕಾರಂತ. ವೀರಣ್ಣನವರು ಅವನನ್ನ ಕಂಪನಿ ಕೆಲಸಕ್ಕೇ ಕಟ್ಟಿಹಾಕಲಿಲ್ಲ, ಕಾಶಿಗೆ ಓದೋಕೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿ ಎಂ.ಎ. ಮಾಡಿದರು, ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಕಾಶಿ ಹೊರದೇಶ ಅಲ್ಲ, ಒಪ್ತೀನಿ. ಆದರೆ ಭಾಷೆ, ಊಟ, ನೆಂಟರು, ದುಡ್ಡು ಯಾವುದೂ ಇಲ್ಲದ ಜಾಗಕ್ಕೆ ಕಂಪನಿ ಹುಡುಗ ಹೋಗೋದು ಎಷ್ಟು ದೂರದ ಪ್ರಯಾಣ ಅಂತ ನೀವೇ ಲೆಕ್ಕ ಹಾಕಿ.

ಮೂರು ಕಥೆಯಲ್ಲೂ ಒಬ್ಬ ಮೋಗ್ಲಿಂಗ್, ಒಬ್ಬ ಹಾರ್ಡಿ, ಒಬ್ಬ ವೀರಣ್ಣ ಇದ್ದಾರೆ. ಇಂಥ ಕಥೆ ಹೇಳಿ ‘ಸರ್ಟಿಫಿಕೇಟ್ ಬರೀ ಕಾಗದ ಕಣ್ರೀ’ ಅಂತ ಮುಗಿಸೋ ವಿಡಿಯೋಗಳು ಬೇಕಾದಷ್ಟಿವೆ. ನನಗನಿಸೋದು ಅದರ ಉಲ್ಟಾ. ದೊಡ್ಡವರ ಕಣ್ಣಿಗೆ ಬಿದ್ದವರ ಹೆಸರು ಮಾತ್ರ ಇತಿಹಾಸದಲ್ಲಿ ಉಳಿದಿದೆ. ಬೀಳದವರು ಎಷ್ಟು ಜನ ಅಂತ ಯಾವ ದಫ್ತರದಲ್ಲೂ ಇಲ್ಲ. ಮಾರ್ಕ್ಸ್ ಕಾರ್ಡ್ ಅನ್ನೋದು ಯಾರ ಪರಿಚಯವೂ ಇಲ್ಲದ ಮಗುವಿಗೆ ಸಿಗೋ ಶ್ಯೂರಿಟಿ. ಸಿದ್ಧಗಂಗಾ ಮಠದಲ್ಲಿ ಉಂಡು, ಅಲ್ಲೇ ಮಲಗಿ, ಎಸ್ಸೆಸ್ಸೆಲ್ಸಿ ಬರೆದು ಹೋದ ಸಾವಿರಾರು ಮಕ್ಕಳು ಮುಂದಿನ ಊರಲ್ಲಿ ಯಾವ ದೊಡ್ಡವರ ಹೆಸರು ಹೇಳಬೇಕಿತ್ತು? ಆ ಕಾರ್ಡ್ ತೋರಿಸಿದ್ರೆ ಸಾಕಿತ್ತು. ಪರೀಕ್ಷೆ ರಾಮಾನುಜನ್‌ಗೆ ಅನ್ಯಾಯ ಮಾಡಿತು, ಹೌದು. ಆದರೆ ಅದೇ ಪರೀಕ್ಷೆ ಅಪ್ಪ ಯಾರು, ಜಾತಿ ಯಾವುದು ಅಂತ ಕೇಳದೆ ಎಷ್ಟೋ ಜನರಿಗೆ ಬಾಗಿಲು ತೆರೆದಿದೆ.

ಈಗ ಮೊದಲನೇ ಪ್ರಶ್ನೆ. ‘ಎಸ್ಸೆಸ್ಸೆಲ್ಸಿ ಬೇಡ, ನಾವು ಎಲ್ಲಾ ಅಡ್ಜಸ್ಟ್ ಮಾಡ್ತೀವಿ’ ಅನ್ನೋ ಏಜೆಂಟ್ ಸಿಕ್ಕಿದ್ರೆ ಒಂದು ರೂಪಾಯಿನೂ ಕೊಡಬೇಡಿ. ಸುಳ್ಳು ಕಾಗದದ ಕೇಸು ನಿಮ್ಮ ಮೇಲೂ ಬೀಳಬಹುದು. ನೇರ ದಾರಿ ಇದೆ. ಕೇಂದ್ರ ಸರ್ಕಾರ 1989ರಲ್ಲಿ ಶುರು ಮಾಡಿದ ಓಪನ್ ಸ್ಕೂಲ್, ಈಗಿನ ಎನ್‌ಐಒಎಸ್. 14 ವರ್ಷ ತುಂಬಿದವರು ಹಿಂದಿನ ಶಾಲೆಯ ಸರ್ಟಿಫಿಕೇಟ್ ಇಲ್ಲದಿದ್ರೂ ಹತ್ತನೇ ತರಗತಿಗೆ ನೋಂದಾಯಿಸಬಹುದು, ಆಮೇಲೆ ಹನ್ನೆರಡನೇದನ್ನೂ ಬರೀಬಹುದು. ಎರಡನ್ನೂ ಮುಗಿಸಿ, ಆಮೇಲೆ ನೀವು ಸೇರಬೇಕಂತಿರೋ ಯೂನಿವರ್ಸಿಟಿಗೇ ನೇರ ಇಮೇಲ್ ಮಾಡಿ ಕೇಳಿ.

ಹಾರ್ಡಿ ಸಿಕ್ಕಿದ್ರೆ ಸಂತೋಷ. ಸಿಗೋವರೆಗೂ ಪರೀಕ್ಷೆ ಕಟ್ಟಿರಿ. ಮುಂದಿನ ವಾರ ಸಿಗೋಣ.