ಆನ್‌ಲೈನ್ ಖರೀದಿಯಲ್ಲಿ ಗ್ರಾಹಕರ ಹಕ್ಕು (ಭಾರತ)

ಜಾಲತಾಣ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಕೊಂಡ ವಸ್ತು ಕೆಟ್ಟದ್ದೋ ಬೇರೆಯದೋ ಆಗಿ ಬಂದಾಗ, ಅಥವಾ ಬಾರದೇ ಹೋದಾಗ ಕೊಳ್ಳುವವರಿಗೆ ಇರುವ ಕಾನೂನಿನ ರಕ್ಷಣೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ಕಾಮರ್ಸ್ ನಿಯಮಗಳು ಇದಕ್ಕೆ ಆಧಾರ. ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತಿರದ ಸರಕನ್ನು ವಾಪಸು ಪಡೆದು ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಸೀರೆಯ ಬಣ್ಣ ಹಿಡಿಸಲಿಲ್ಲವೆಂದು ಹಿಂತಿರುಗಿಸುವುದು ಮಾತ್ರ ಹಕ್ಕಲ್ಲ, ಕಂಪನಿಯ ಷರತ್ತಿಗೆ ಬಿಟ್ಟದ್ದು. ಹಲವರು ಎಡವುವುದು ಇಲ್ಲೇ.

ಕಂಪನಿಯ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ (1915) ರಾಜಿಗೆ ಯತ್ನಿಸುತ್ತದೆ, ತೀರ್ಪು ಕೊಡದು. ತೀರ್ಪು ಬೇಕಿದ್ದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. 1986ರ ಹಳೆಯ ಕಾಯ್ದೆಗಿಂತ ದೊಡ್ಡ ಅನುಕೂಲವೆಂದರೆ ದೂರುದಾರರು ತಾವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು: ಕಂಪನಿ ಗುರುಗ್ರಾಮದಲ್ಲಿದ್ದರೂ ರಾಯಚೂರಿನವರಿಗೆ ರಾಯಚೂರೇ ಸಾಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ಲು, ಆರ್ಡರ್ ವಿವರ, ಪಾರ್ಸೆಲ್ ಬಿಚ್ಚುವಾಗ ತೆಗೆದ ವಿಡಿಯೊ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತವೆ.